ಹುರಿದ ಮಣ್ಣು

ಮನೆ ಓನರ್ ಆಂಟಿಗೆ ಆ ವಿಷಯ ಹೇಳಿದ್ದು ನಾನೇ. ನನ್ನ ಬಾಯಿಗೆ ಬೀಗ ಹಾಕಬೇಕಿತ್ತು.

ಮೂಡಲಪಾಳ್ಯದ ಅವರ ಮನೆಯ ಮಹಡಿ ಮೇಲೆ ನನ್ನ ಬಾಡಿಗೆ ರೂಮು. ನಾಗರಬಾವಿಯ ಕಾಲೇಜೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಹುಡುಗರಿಗೆ ಪ್ರಾಕ್ಟಿಕಲ್ ಮಾಡಿಸುವುದು ನನ್ನ ಕೆಲಸ. ಆಂಟಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಗಾಯ ನಾಲ್ಕು ತಿಂಗಳಾದರೂ ಮಾಯ್ದಿರಲಿಲ್ಲ. ಒಳಗಿರುವ ಬ್ಯಾಕ್ಟೀರಿಯಾ ಯಾವ ಮಾತ್ರೆಗೂ ಜಗ್ಗುತ್ತಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಆಂಟಿ ಅಳುವುದನ್ನು ನೋಡಲಾರದೆ ನಾನು, ಬ್ಯಾಕ್ಟೀರಿಯಾವನ್ನೇ ಕೊಲ್ಲುವ ವೈರಸ್ ಮಣ್ಣಿನಲ್ಲಿರುತ್ತದೆ, ಫೇಜ್ ಅಂತಾರೆ, ನಾಳೆ ಲ್ಯಾಬಿನಲ್ಲಿ ಅದನ್ನೇ ಹುಡುಕುತ್ತೇವೆ ಎಂದುಬಿಟ್ಟೆ.

"ನಮ್ಮ ಹಿತ್ತಲ ಮಣ್ಣು ಆಗತ್ತೇನಮ್ಮ?" ಎಂದರು. ಅವರ ಮುಖ ಅರಳಿದ್ದು ನೋಡಿಯೂ, ಇದು ಹುಡುಗರ ಪಾಠಕ್ಕೆ, ನಿಮ್ಮ ಕಾಲಿಗಲ್ಲ ಎಂದು ನಾನು ಹೇಳಲಿಲ್ಲ. ಹೇಡಿ ನಾನು. "ಆಗತ್ತೆ ಆಂಟಿ" ಎಂದೆ.

ಬೆಳಿಗ್ಗೆ ಸ್ಟೀಲ್ ಡಬ್ಬಿ ತುಂಬಿಸಿ ಕೊಟ್ಟರು. ಮಣ್ಣು ರಾಗಿ ಹಿಟ್ಟಿನಷ್ಟು ನಯ. ಅದನ್ನು ಬ್ಯಾಕ್ಟೀರಿಯಾ ಬೆಳೆಸುವ ದ್ರವದಲ್ಲಿ ಕಲಸಿ, ನಮ್ಮ ಲ್ಯಾಬಿನದೇ ಬ್ಯಾಕ್ಟೀರಿಯಾ ಸೇರಿಸಿ ಒಂದು ದಿನ ಇಟ್ಟೆವು. ಆಮೇಲೆ ಸೋಸಿ, ಸೋಸಿದ್ದನ್ನು ಮತ್ತೆ ಬ್ಯಾಕ್ಟೀರಿಯಾ ಜೊತೆ ತಟ್ಟೆಗಳಿಗೆ ಹೊಯ್ದೆವು. ಫೇಜ್ ಇದ್ದರೆ, ಬ್ಯಾಕ್ಟೀರಿಯಾ ಬೆಳೆದ ಮಬ್ಬು ಪದರದಲ್ಲಿ ದೋಸೆಯ ತೂತಿನಂತೆ ತಿಳಿ ಚುಕ್ಕೆಗಳು ಮೂಡಬೇಕು. ಒಂದೂ ಮೂಡಲಿಲ್ಲ. ಹುಡುಗರು "ಏನೂ ಬಂದಿಲ್ಲ ಮ್ಯಾಮ್" ಎಂದು ಹಲ್ಲು ಕಿರಿದಾಗ ನನಗೆ ಮೈಯೆಲ್ಲ ಉರಿಯಿತು.

ಮಣ್ಣಿಗೆ ಏನಾದರೂ ಮಾಡಿದ್ದಿರಾ ಎಂದು ಸಂಜೆ ಆಂಟಿಯನ್ನು ಕೇಳಿದೆ.

"ಔಷಧಿಗಲ್ವೇನಮ್ಮ? ಜರಡಿ ಹಿಡಿದು, ಬಾಣಲೇಲಿ ಚೆನ್ನಾಗಿ ಹುರಿದೆ. ಹುಳ ಗಿಳ ಇದ್ರೆ ಸಾಯ್ಲಿ ಅಂತ."

"ಅಯ್ಯೋ, ಯಾರು ಹುರಿಯಕ್ಕೆ ಹೇಳಿದ್ದು ನಿಮಗೆ? ಇದ್ದಬದ್ದ ಫೇಜೆಲ್ಲ ಸತ್ತೋಯ್ತು! ಎಲ್ಲಾ ಹಾಳು ಮಾಡಿದ್ರಲ್ಲ!" ಎಂದು ರೇಗಿಬಿಟ್ಟೆ.

ಅವರು ಕುಂಟುತ್ತ ಹಿತ್ತಲಿಗೆ ಹೋಗಿ, ಬಚ್ಚಲ ನೀರು ಹರಿಯುವ ಕಡೆಯ ಹಸಿ ಮಣ್ಣನ್ನು ಚಮಚದಿಂದ ಕೆದಕಿ ಕವರಿಗೆ ಹಾಕಿ ತಂದರು. "ಇದನ್ನ ಕೈಲೂ ಮುಟ್ಟಿಲ್ಲ. ಹಂಗೇ ತಗೊಂಡ್ ಹೋಗು."

ಎರಡು ದಿನದ ನಂತರ ಅವರಿಗೆ ಚಳಿಜ್ವರ ಬಂತು. ಅವರ ಮಗಳು ಬಂದು ವಿಜಯನಗರದ ನರ್ಸಿಂಗ್ ಹೋಮಿಗೆ ಸೇರಿಸಿದರು. ನಂಜು ಮೇಲೇರುತ್ತಿದೆ ಎಂದು ಮರುದಿನ ಬೆಳಿಗ್ಗೆಯೇ ಪಾದ ತೆಗೆದರು. ಅದೇ ಬೆಳಿಗ್ಗೆ ಲ್ಯಾಬಿನಲ್ಲಿ, ಆ ಹಸಿ ಮಣ್ಣಿನ ತಟ್ಟೆಗಳ ತುಂಬಾ ಚುಕ್ಕೆಗಳು. ಹುಡುಗರು ಚಪ್ಪಾಳೆ ತಟ್ಟಿದರು. ನಾನು ಅವರಿಗೆ ಬೆನ್ನು ಮಾಡಿ ನಿಂತೆ.

ಮಾರನೆಯ ದಿನ ನೋಡಲು ಹೋದೆ. ಹೊದಿಕೆ ಎಡಗಾಲಿನ ತುದಿಯಲ್ಲಿ ತಗ್ಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಆಂಟಿ, "ನಮ್ಮ ಮಣ್ಣಲ್ಲಿ ಸಿಕ್ತಾ?" ಎಂದರು. ಸುಳ್ಳು ಹೇಳಲಾಗಲಿಲ್ಲ. ಫೋನಿನಲ್ಲಿ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿದರು.

"ಹಂಗಾದ್ರೆ ಮೊದಲನೇ ಸಲಾನೇ ನಾನು ಹುರೀದೇ ಇದ್ದಿದ್ರೆ, ಕಾಲು ಉಳೀತಿತ್ತು ಅಲ್ವೇನಮ್ಮ?"

"ಇಲ್ಲ ಆಂಟಿ, ದೇವರಾಣೆ ಇಲ್ಲ! ಇದು ಲ್ಯಾಬಿನ ಬ್ಯಾಕ್ಟೀರಿಯಾ, ನಿಮ್ಮ ಗಾಯದ್ದಲ್ಲ. ಯಾವತ್ತೂ ನಿಮ್ಮ ಕಾಲಿಗೆ ಅಂತ ಮಾಡಿದ್ದೇ ಅಲ್ಲ."

ಮೊದಲ ದಿನ ಆಡಬೇಕಿದ್ದ ಮಾತು ಅದು. ಆಂಟಿ ನನ್ನ ಕೈ ಸವರಿದರು.

"ನನ್ನ ಸಮಾಧಾನಕ್ಕೆ ಹೇಳ್ತೀಯ, ಬಿಡು. ತಪ್ಪು ನಂದೇ."