ಸೊಣ್ಣಮ್ಮನ ಮೂಗು ನಂಬಿದವರು

ತಾನೂ ಸೇರಿ ಟೊಮೊಟೊ ಬಿಡಿಸುವ ಹದಿನಾಲ್ಕು ಹೆಂಗಸರ ಗುಂಪಿಗೆ ಸೊಣ್ಣಮ್ಮ ಮೇಸ್ತ್ರಿ. ಮೈಯಲ್ಲಿ ಮಾಂಸವಿಲ್ಲ, ಬಾಯಿಗೆ ಬೀಗವಿಲ್ಲ. ಮುಳಬಾಗಿಲು ಕಡೆಯ ತೋಟದವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಣ್ಣ ತಿರುಗಿದ ಯಾವ ಕಾಯಿ ಲಾರಿಯಲ್ಲಿ ಎರಡು ದಿನ ತಡೆಯುತ್ತದೆ, ಯಾವುದು ಸಂಜೆಗೇ ಬಾಯಿ ಬಿಡುತ್ತದೆ ಎಂದು ಅವಳು ಮುಟ್ಟದೆ ಹೇಳುತ್ತಿದ್ದಳು. ಹೆಂಗಸರು ಅವಳ ಹಿಂದೆ ಹೋಗುತ್ತಿದ್ದುದು ಬೇರೆ ಕಾರಣಕ್ಕೆ. ಅವಳ ಮೂಗಿಗೆ.

ಟೊಮೊಟೊ ಮೂರು ನಾಲ್ಕು ದಿನಕ್ಕೊಮ್ಮೆ ಕೊಯ್ಲಿಗೆ ಬರುತ್ತದೆ. ಹುಳ ಕೊಯ್ಲಿಗೆ ಕಾಯುವುದಿಲ್ಲ. ಮಾರ್ಕೆಟ್ಟು ಏರಿದ ದಿನ ತೋಟದವನೂ ಕಾಯುವುದಿಲ್ಲ. ಸಂಜೆ ಔಷಧಿ ಹೊಡೆದು ಬೆಳಿಗ್ಗೆ ಆಳು ಇಳಿಸುವವರು ಬೇಕಾದಷ್ಟು ಜನ. ಕಡ್ಡಿ ಕಟ್ಟಿದ ಗಿಡ ಎದೆಮಟ್ಟ. ಸಾಲಿನೊಳಗೆ ಬಗ್ಗಿದರೆ ಎಲೆ ಮುಖಕ್ಕೇ ಉಜ್ಜುತ್ತದೆ. ಅದಕ್ಕೇ ಸೊಣ್ಣಮ್ಮ ಮೊದಲು ಬದುವಿನ ಮೇಲೆ ನಿಂತು ಗಾಳಿ ಮೂಸುತ್ತಿದ್ದಳು.

"ಈವತ್ತು ಬ್ಯಾಡ. ನಿನ್ನೆ ಔಸ್ತಿ ಒಡೆದವ್ರೆ."

"ಮೂರು ದಿನ ಆಯ್ತಮ್ಮೋ ಒಡೆದು!" ಎಂದು ಒಬ್ಬ ಗೌಡ ವಾದಕ್ಕೆ ನಿಂತಿದ್ದ.

"ಅಂಗಾರೆ ಮೂರು ದಿನದಿಂದ ನೀವು ನೀರು ಉಯ್ಕಂಡಿಲ್ಲ ಗೌಡ್ರೆ. ಮೈಯೆಲ್ಲ ಔಸ್ತಿ ನಾತ."

ಹದಿನೆಂಟು ವರ್ಷದಲ್ಲಿ ಆ ಗುಂಪಿನ ಒಬ್ಬಳೂ ಔಷಧಿಗೆ ಬಿದ್ದವಳಲ್ಲ. ನಮ್ಮ ಕೂಲಿಕಾರರ ಸಂಘದವರಾದರೂ ಏನು ಕಡಿದು ಹಾಕಿದ್ದೆವು? ಕೂಲಿ ಹೆಚ್ಚಿಸಿ ಎಂದು ತಾಲ್ಲೂಕು ಆಫೀಸಿನ ಮುಂದೆ ಗಂಟಲು ಹರಿದುಕೊಂಡೆವು. ಔಷಧಿಯ ಮಾತು ಒಂದು ಸಲವೂ ನಮ್ಮ ಬಾಯಿಗೆ ಬರಲಿಲ್ಲ.

ಆ ಏಪ್ರಿಲ್ ಬೆಳಿಗ್ಗೆ ಮೋಡ ಕಟ್ಟಿತ್ತು. ಮಳೆ ಬಿದ್ದರೆ ಹಣ್ಣು ಸೀಳುತ್ತದೆಂದು ತೋಟದ ಬ್ಯಾಟಪ್ಪ ಅವಸರದಲ್ಲಿದ್ದ. ಬಾಕ್ಸು ತರಲು ಹೋದವನು ಫೋನಿನಲ್ಲೇ ಹೇಳಿದ: "ಔಸ್ತಿ ಒಡೆದು ನಾಕು ದಿನ ಆಯ್ತು, ಇಳಿಸಮ್ಮ." ಸೊಣ್ಣಮ್ಮ ಬದುವಿನ ಮೇಲೆ ನಿಂತು ಮೂಸಿದಳು. "ಇಳೀರಿ" ಅಂದಳು.

ಸಂಘದ ಸಭೆಗೆ ಕರೆಯಲು ನಾನು ಹೋಗುವ ಹೊತ್ತಿಗೆ ತೋಟದಲ್ಲಿ ಕೂಗಾಟ ಎದ್ದಿತ್ತು. ಇಪ್ಪತ್ತೆರಡರ ಅಂಬುಜ ಸಾಲಿನ ಮಧ್ಯೆ ಕುಕ್ಕರುಗಾಲಲ್ಲಿ ಕೂತು ವಾಂತಿ ಮಾಡುತ್ತಿದ್ದಳು. ಅತ್ತ ನಾರೆಮ್ಮ ಕಡ್ಡಿ, ದಾರ, ಗಿಡ ಎಲ್ಲವನ್ನೂ ಎಳೆದುಕೊಂಡು ಬಿದ್ದಿದ್ದಳು. ಬಾಯಲ್ಲಿ ಜೊಲ್ಲು, ಕೈಕಾಲು ಅದುರುತ್ತಿದ್ದವು. ಬದು ದಾಟಿದ್ದೇ ತಡ, ಔಷಧಿ ವಾಸನೆ ನನ್ನ ಮುಖಕ್ಕೆ ರಾಚಿತು. ನಾನು ದಂಗಾದೆ. ಕುರುಡನಿಗೂ ತಿಳಿಯುವ ವಾಸನೆ!

ಬಾಕ್ಸು ತಂದ ಟೆಂಪೋದಲ್ಲೇ ಇಬ್ಬರನ್ನೂ ಹಾಕಿಕೊಂಡು ಹೋದೆವು. ಆಸ್ಪತ್ರೆಯ ವರಾಂಡದಲ್ಲಿ ನಾನು ಹೆಂಗಸರನ್ನು ಕೇಳಿದೆ: "ಅಷ್ಟು ನಾತ ಹೊಡೀತಿತ್ತು. ನಿಮಗ್ಯಾರಿಗೂ ಗೊತ್ತಾಗಲಿಲ್ವಾ?"

"ಗೊತ್ತಾಯ್ತಣ್ಣ," ಎಂದಳು ಪಾಪಕ್ಕ. "ಎಲ್ಲಾರ ಮೂಗಿಗೂ ಬಡೀತು. ಅಕ್ಕ ಇಳೀರಿ ಅಂದ್ಳಲ್ಲ. ಹಳೇ ನಾತ ಇರ್ಬೇಕು ಅಂದ್ಕಂಡ್ವಿ."

ಎಲ್ಲರೂ ಸೊಣ್ಣಮ್ಮನ ಕಡೆ ತಿರುಗಿದರು. ಅವಳು ಗೋಡೆಗೆ ಒರಗಿ ನಿಂತಿದ್ದಳು.

"ನನ್ನ ಮೂಗು ಸತ್ತು ಎರಡು ವರ್ಸ ಆಯ್ತು ಕಣ್ರೇ. ಕೊರೋನಾ ಬಂತಲ್ಲ, ಅವತ್ತಿಂದ. ಮಲ್ಲಿಗೇನೂ ಒಂದೇ, ಸಗಣೀನೂ ಒಂದೇ."

"ಮತ್ತೆ ಇಷ್ಟು ದಿನ?" ಎಂದೆ ನಾನು.

"ತೋಟದೋರ ಮಕ ನೋಡಿ ಹೇಳ್ತಿದ್ದೆ. ಸುಳ್ಳು ಹೇಳೋನ ಕಣ್ಣು ಗಿಡದ ಮೇಲೆ ನಿಲ್ಲಾಕಿಲ್ಲ. ಇವನು ಫೋನಾಗೆ ಹೇಳ್ದ. ಮಕ ಎಲ್ಲೈತೆ?"

ಪಾಪಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಎರಡು ವರ್ಷ ಹದಿಮೂರು ಜೀವ ನಡೆದದ್ದು ಇಲ್ಲದ ಮೂಗಿನ ಹಿಂದೆ.

ಅಂಬುಜ ಮೂರು ದಿನಕ್ಕೆ ಎದ್ದಳು. ಐದನೇ ದಿನ ಕಣ್ಣು ಬಿಟ್ಟ ನಾರೆಮ್ಮ, ಪಾಪಕ್ಕನಿಂದ ಎಲ್ಲ ಕೇಳಿ ಆಡಿದ ಮೊದಲ ಮಾತು: "ಮೂಗಿಲ್ದೋಳ ಹಿಂದೆ ಬುದ್ಧಿಯಿಲ್ದೋರು ನಡೆದ್ವಿ."

"ಮೇಸ್ತ್ರಿಕೆ ಬಿಡ್ತೀನಿ," ಎಂದಳು ಸೊಣ್ಣಮ್ಮ.

ಅಂಬುಜ ಸಿಡಿದಳು: "ಬುಟ್ಟು? ಇನ್ನೊಬ್ಬಳ ಮೂಗು ನಂಬ್ಕಂಡು ಸಾಯಾಣವಾ? ನೀನೇ ಒಂದು ದಾರಿ ತೋರ್ಸು."

ಮರುವಾರ ಬ್ಯಾಟಪ್ಪ ಮತ್ತೆ ಬಂದ. ಕಾಯಿ ತಿರುಗಿತ್ತು, ಬೇರೆ ಆಳು ಸಿಕ್ಕಿರಲಿಲ್ಲ. ಸಂಘದಿಂದ ನಾನೂ ಹೋದೆ. ಹನ್ನೆರಡು ಹೆಂಗಸರು ಬಕೆಟ್ಟು ಹಿಡಿದು ಬದುವಿನ ಮೇಲೆ ನಿಂತರು.

"ಗಂಗಮ್ಮತಾಯಿ ಆಣೆ. ಗಿಡಕ್ಕೆ ಔಸ್ತಿ ಮುಟ್ಟಿಸಿ ವಾರ ಆಯ್ತು," ಎಂದ. ಕಣ್ಣು ಅಲುಗಲಿಲ್ಲ. ಅವನ ಮುಖ ನೋಡಿದ್ದರೆ ನಾನೂ ನಂಬುತ್ತಿದ್ದೆ.

ಸೊಣ್ಣಮ್ಮ ಮುಖ ನೋಡಲಿಲ್ಲ. ಗಾಳಿಯನ್ನೂ ಮೂಸಲಿಲ್ಲ. ಕೈಚಾಚಿ ಒಂದು ಕೆಂಪು ಹಣ್ಣು ಕಿತ್ತು ಅವನ ಅಂಗೈಯಲ್ಲಿಟ್ಟಳು.

"ತಿನ್ನಿ."

"ಏನಮ್ಮಾ ಇದು, ತಮಾಸೆ?"

"ನೀವು ತಿಂದ್ರೆ ನಾವು ಇಳೀತೀವಿ."

"ತೊಳ್ಕಂಡು ತಿಂತೀನಿ ಬುಡು."

"ನಾವೇನು ಗಿಡ ತೊಳ್ಕಂಡು ಒಳಿಕ್ಕೆ ಓಗ್ತೀವಾ?"

ಬ್ಯಾಟಪ್ಪ ಹಣ್ಣನ್ನು ಟವೆಲಿಗೆ ಒರೆಸಿದ. ಮತ್ತೆ ಒರೆಸಿದ. ಬಾಯಿಯ ಹತ್ತಿರಕ್ಕೆ ಒಯ್ದ. ಹನ್ನೆರಡು ಜನ ನೋಡುತ್ತಿದ್ದರು. ಅವನು ಕೈ ಇಳಿಸಿದ. ಆಮೇಲೆ ಬಗ್ಗಿ ಆ ಹಣ್ಣನ್ನು ಜೋಪಾನವಾಗಿ ಖಾಲಿ ಬಾಕ್ಸಿನೊಳಗೆ ಇಟ್ಟ. ಮಾರ್ಕೆಟ್ಟಿಗೆ.

"ಅಯ್ಯೋ ನಿನ್ನ ಮನೆ ಹಾಳಾಗ!" ಎಂದಳು ಪಾಪಕ್ಕ.

ಸೊಣ್ಣಮ್ಮ ಬಕೆಟ್ಟು ಬೋರಲು ಮಾಡಿ ತಲೆಯ ಮೇಲಿಟ್ಟುಕೊಂಡು ಬದುವಿನಿಂದ ರಸ್ತೆಗೆ ಇಳಿದಳು. ಉಳಿದವರೂ ಊರ ಕಡೆ ತಿರುಗಿದರು.