ಮೊದಲ ಏರು ಕಲ್ಲಿಗೆ

ಮೊನ್ನೆ ತ್ರಾಸಿಯಲ್ಲಿ ಹೆದ್ದಾರಿ ಬದಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿಗೆ ಒಂದು ಹೋಟೆಲು ಕಟ್ಟಡ ಏಳುತ್ತಿತ್ತು. ಅದರ ಮಗ್ಗುಲಲ್ಲಿ ಹಳದಿ ಬಣ್ಣದ ಯಂತ್ರ. ಕೊಕ್ಕರೆ ಕುತ್ತಿಗೆಯಂಥ ಉದ್ದದ ತೋಳು, ತೋಳಿನ ತುದಿಗೆ ಇಬ್ಬರು ನಿಲ್ಲುವಷ್ಟು ಅಗಲದ ಕಬ್ಬಿಣದ ಕಟಾಂಜನ. ಬೂಮ್ ಲಿಫ್ಟ್ ಎನ್ನುತ್ತಾರಂತೆ. ಅದನ್ನು ನಡೆಸುವವನು ಕೆಳಗೇ ನಿಂತು, ಒಳಗೆ ಯಾರನ್ನೂ ಹತ್ತಿಸದೆ, ತೋಳನ್ನು ಎತ್ತಿದ, ಚಾಚಿದ, ಅತ್ತಿತ್ತ ತಿರುಗಿಸಿದ, ಮತ್ತೆ ಇಳಿಸಿದ.

ನನ್ನ ಪಕ್ಕದಲ್ಲಿ ನಿಂತಿದ್ದ ಮೀನು ವ್ಯಾಪಾರದವರೊಬ್ಬರಿಗೆ ತಡೆಯಲಿಲ್ಲ. "ಕಾಣಿ ಮಾಷ್ಟ್ರೆ, ಖಾಲಿ ಡಬ್ಬ ಎತ್ತುದ್, ಇಳ್ಸುದ್. ಡೀಸೆಲ್ ಎಂತ ಇವನ ಅಪ್ಪಂದಾ?"

ನಾನೂ ನಗಬೇಕಿತ್ತು. ನಗುವ ಬದಲು ಮೂಗಿಗೆ ಮೀನೆಣ್ಣೆಯ ವಾಸನೆ ಬಂತು. ಮೀನಿನವರ ಬುಟ್ಟಿಯದಲ್ಲ, ಅದು ಖಾಲಿಯಾಗಿತ್ತು. ಈ ವಾಸನೆ ಅರವತ್ತರ ದಶಕದ ಕೊನೆಯದು. ಬಸ್ಸು ಬರುವುದು ಹೇಗೂ ತಡ. ಅಷ್ಟರಲ್ಲಿ ಅದು ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ.

ನಮ್ಮ ಬಿಜೂರಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಆಗ ಒಂದು ಹೊಳೆಗೆ ಸೇತುವೆ ಕಟ್ಟುತ್ತಿದ್ದರು. ನಾನು ಕುಂದಾಪುರದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಕೊನೆಯ ವರ್ಷ ಎಂದು ಈಗ ಸಲೀಸಾಗಿ ಬರೆದುಬಿಟ್ಟೆ. ಅಪ್ಪಯ್ಯ ಗೇಣಿ ಗದ್ದೆಯವರು, ಹೆಬ್ಬೆಟ್ಟಿನವರು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೈಸ್ಕೂಲಿನ ಬಾಗಿಲು ಕಂಡವರೇ ಇಲ್ಲ. ಪರೀಕ್ಷೆ ಒಂದು ಸಲ ತಪ್ಪಿದರೆ ಮತ್ತೊಂದು ವರ್ಷ ಓದಿಸುವ ತ್ರಾಣ ಮನೆಗಿರಲಿಲ್ಲ. ನೇಗಿಲು ಮೂಲೆಯಲ್ಲಿ ನನಗಾಗಿ ಕಾಯುತ್ತಲೇ ಇತ್ತು. ಆದ್ದರಿಂದ ಬೆಳಿಗ್ಗೆ ಸೇತುವೆ ಕೆಲಸ, ಆಮೇಲೆ ಕಾಲೇಜು.

ಸೇತುವೆಯಲ್ಲಿ ನಾನೇನು ಮಾಡುತ್ತಿದ್ದೆ ಎಂದು ಕೇಳುತ್ತೀರಿ. ಕಂಬದ ತಲೆಗೆ ನೀರು ಹೊಯ್ಯುತ್ತಿದ್ದೆ. ಹೊಸ ಕಾಂಕ್ರೀಟಿಗೆ ದಿನವೂ ನೀರುಣಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಕಂಬದ ನೆತ್ತಿಗೆ ಹೊದೆಸಿದ ಗೋಣಿಚೀಲ ಒಣಗದಂತೆ ನೋಡಿಕೊಳ್ಳುವುದಕ್ಕೆ ಹಗುರ ಮೈಯವನು ಬೇಕಿತ್ತು, ನನ್ನ ಮೈಯಲ್ಲಿ ಎಲುಬು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು, "ನಿನಗೆ ಪಾಠ ಹೇಳುವುದೂ ಒಂದೇ, ಬೋರ್ಗಲ್ಲ ಮೇಲೆ ನೀರು ಹೊಯ್ಯುವುದೂ ಒಂದೇ" ಎನ್ನುತ್ತಿದ್ದರು. ಹೊಯ್ಯುತ್ತಾ ಹೋದರೆ ಗಟ್ಟಿಯಾಗುತ್ತದೆ ಸಾರ್, ಎಂದು ನಾಲಿಗೆ ತುದಿಗೆ ಬರುತ್ತಿತ್ತು. ಅಂಕ ಅವರ ಕೈಯಲ್ಲಿತ್ತು, ಹೇಳಲಿಲ್ಲ.

ಕಂಬದ ನೆತ್ತಿಗೆ ಏರಲು ಡೆರಿಕ್ ಇತ್ತು. ನೆಟ್ಟಗೆ ನಿಲ್ಲಿಸಿದ ದಪ್ಪ ಮರ, ಅದರ ಬುಡದಿಂದ ಓರೆಯಾಗಿ ಚಾಚಿದ ತೋಳು, ತೋಳಿನ ತುದಿಯ ರಾಟೆಯಿಂದ ಇಳಿಬಿದ್ದ ಸರಿಗೆ ಹಗ್ಗ, ಹಗ್ಗಕ್ಕೆ ತೂಗುವ ಹಲಗೆಯ ಪೆಟ್ಟಿಗೆ. ಆ ಪೆಟ್ಟಿಗೆಗೆ ನಮ್ಮ ಬಾಯಲ್ಲಿ ತೊಟ್ಟಿಲು ಎಂದೇ ಹೆಸರು. ನಾಲ್ಕು ಜನ ಹಿಡಿಕೆ ತಿರುಗಿಸಿದರೆ ಹಗ್ಗ ಉರುಳೆಗೆ ಸುತ್ತಿಕೊಂಡು ತೊಟ್ಟಿಲು ಏರುತ್ತಿತ್ತು. ಏರಿದ್ದು ಜಾರದಂತೆ ಉರುಳೆಯನ್ನು ಅಪ್ಪಿ ಹಿಡಿಯುವ ಬಿರೇಕು ಹೆರಿಯಣ್ಣನ ಕೈಯಲ್ಲಿ.

ಹೆರಿಯಣ್ಣ ಕಡಲ ಮೀನುಗಾರರ ಮನೆಯವನು. ಹರೆಯದಲ್ಲಿ ಬೊಂಬಾಯಿ ಬಂದರಿನಲ್ಲಿ ಸರಕು ಎತ್ತಿದವನು, ಅದನ್ನು ದಿನಕ್ಕೊಮ್ಮೆ ನೆನಪಿಸದೆ ಬಿಡದವನು. ಎತ್ತಲಿಕ್ಕೆ "ಹಬೇಸ್", ಇಳಿಸಲಿಕ್ಕೆ "ಆರ್ಯಾ" ಎಂದು ಬಂದರಿನ ಭಾಷೆಯಲ್ಲೇ ಕೂಗಬೇಕು. ಕೂಗುವುದು ಅವನೊಬ್ಬನೇ, ಎಂಜಿನಿಯರು ಬಾಯಿ ಹಾಕಿದರೂ, "ಎರಡ್ ಬಾಯಿಗೆ ಒಂದ್ ಹಗ್ಗ ಆತಿಲ್ಲೆ ಸಾಯ್ಬ್ರೆ" ಎಂದು ಮೀಸೆ ತಿರುವುತ್ತಿದ್ದ. ತೊಟ್ಟಿಲ ಅಡಿಯಲ್ಲಿ ಯಾರೂ ಸುಳಿಯಬಾರದು. ಒಳಗಿದ್ದವನ ಸೊಂಟಕ್ಕೆ ಹಗ್ಗ ಬಿಗಿದಿರಬೇಕು. ಕಡಲ ಗಾಳಿ ಎದ್ದರೆ ಇಳಿಸಿಬಿಡಬೇಕು. ಮೇಲೆ ಹೋದವನು ಇಳಿಯುವವರೆಗೆ ಕೆಳಗಿದ್ದವರು ಗಂಜಿಗೂ ಕದಲಬಾರದು.

ಇದೆಲ್ಲ ಸರಿ. ನನಗೆ ತಲೆಚಿಟ್ಟು ಹಿಡಿಸುತ್ತಿದ್ದುದು ಅವನ ಇನ್ನೊಂದು ಪದ್ಧತಿ. ಪ್ರತಿ ಬೆಳಿಗ್ಗೆ, ಮನುಷ್ಯರು ಹತ್ತುವ ಮೊದಲು, ಇಬ್ಬರಾಳಿನ ಭಾರಕ್ಕೆ ಹೊಳೆಗಲ್ಲು ತುಂಬಿಸಿ ತೊಟ್ಟಿಲನ್ನು ಮೇಲಕ್ಕೆಳೆಸಿ, ಬಿರೇಕು ಹಾಕಿ, ಒಂದು ಬೀಡಿ ಮುಗಿಯುವವರೆಗೆ ಅಲ್ಲೇ ನಿಲ್ಲಿಸುತ್ತಿದ್ದ. ಕೇಳಿದರೆ, "ಬಲೆಗೆ ಬಿದ್ದ ಮೊದಲ ಮೀನ್ ದೈವಕ್ಕೆ. ಮೊದಲ ಏರ್ ಕಲ್ಲಿಗೆ" ಎನ್ನುತ್ತಿದ್ದ. ಕಲ್ಲು ತುಂಬುವವರು ಬೆನ್ನು ಹಿಡಿದುಕೊಂಡು ಶಾಪ ಹಾಕುತ್ತಿದ್ದರು.

ಆ ವರ್ಷ ಯುಗಾದಿಯ ರಜೆಯ ಮರುದಿನ ಮಧ್ಯಾಹ್ನ ನನ್ನ ಪರೀಕ್ಷೆ. ನೀರಿಗೆ ಮಾತ್ರ ರಜೆ ಇಲ್ಲ; ಬೆಳಿಗ್ಗೆ ಬೇಗ ಹೊಯ್ದು, ಹತ್ತಿರದಲ್ಲೇ ನಿಲ್ಲುವ ಬಸ್ಸು ಹಿಡಿದು ಕುಂದಾಪುರಕ್ಕೆ ಹೋಗುತ್ತೇನೆಂದು ಒಪ್ಪಿಕೊಂಡಿದ್ದೆ. ಹೋಗಿ ನೋಡಿದರೆ ಡೆರಿಕ್ ಮದುಮಗಳಂತೆ ಮಿರಮಿರ ಮಿಂಚುತ್ತಿದೆ. ಉಪ್ಪುಗಾಳಿಗೆ ಯಂತ್ರ ತುಕ್ಕು ಹಿಡಿಯುತ್ತದೆಂದು ಹೆರಿಯಣ್ಣ ರಜೆಯ ದಿನ ತಾನೊಬ್ಬನೇ ಬಂದು, ದೋಣಿಗೆ ಬಳಿಯುವ ಹಾಗೆ ಮೀನೆಣ್ಣೆ ಬಳಿದಿದ್ದ. ನಮ್ಮ ಕಡೆ ದೋಣಿಯ ಮರ ಬಾಳಿಕೆ ಬರಬೇಕಾದರೆ ಮೀನೆಣ್ಣೆಯೇ ಮದ್ದು. ಅವನಿಗೆ ದೋಣಿಯೂ ಒಂದೇ, ಡೆರಿಕ್ಕೂ ಒಂದೇ.

ಅವನ ಹೆಂಡತಿ ಚಿಕ್ಕು ಮೀನುಬುಟ್ಟಿ ಇಳಿಸಿ ರಸ್ತೆ ಬದಿಯಲ್ಲಿ ಲಾರಿಗೆ ಕಾಯುತ್ತಿದ್ದಳು. ನನ್ನನ್ನು ಕಂಡವಳೇ ದೂರು ತೆಗೆದಳು. "ಕಂಡ್ಯಾ ಮಾಣಿ, ಹಬ್ಬದ ದಿನ ಹೆಣ್ತಿ ತಲಿಗ್ ಒಂದ್ ಬೊಟ್ಟ್ ಎಣ್ಣೆ ಇಲ್ಲೆ. ಈ ಮೂಳಿಗೆ ಮಾತ್ರ ಮೈ ಎಲ್ಲಾ ಅಭ್ಯಂಜನ!"

"ಹ್ವಾಯ್, ಅವ್ಳನ್ನ ಮೂಳಿ ಅನ್ಬೇಡ" ಎಂದು ಹೆರಿಯಣ್ಣ ಅಲ್ಲಿಂದಲೇ ಕೂಗಿದ. "ನಿನ್ನಷ್ಟ್ ಗಲಾಟಿ ಮಾಡುದಿಲ್ಲೆ ಅವ್ಳ್."

ನನಗೆ ನಗಲು ಪುರುಸೊತ್ತಿರಲಿಲ್ಲ. ಕಲ್ಲು ತುಂಬಲು ಶುರುಮಾಡಿದ್ದರು. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. "ಹೆರಿಯಣ್ಣ, ಇವತ್ತೊಂದ್ ದಿನ ಕಲ್ಲ್ ಬೇಡ. ನಾನೇ ಹತ್ತಿ ಹೊಯ್ದ್ ಬತ್ತೆ. ಪರೀಕ್ಷೆ ಇತ್ತ್, ಬಸ್ ಹೋತ್ತ್!" ಎಂದು ತೊಟ್ಟಿಲಿನ ಅಂಚಿಗೆ ಕೈ ಹಾಕಿದೆ.

ಅವನು ಬಂದು ನನ್ನ ಕೈಯನ್ನು ಹಲಸಿನ ಹಣ್ಣಿಗೆ ಕೂತ ನೊಣವನ್ನು ಎಬ್ಬಿಸಿದ ಹಾಗೆ ತಟ್ಟಿ ತೆಗೆದ. "ಹತ್ತುಕಾಗ."

"ಬಸ್..."

"ಬಸ್ ಹೋರೆ ಇನ್ನೊಂದ್ ಬತ್ತ್. ನೀ ಹೋರೆ?"

ಎಷ್ಟು ಸಿಟ್ಟು ಬಂತೆಂದರೆ, ಸೊಂಟದ ಹಗ್ಗ ಬಿಚ್ಚಿ ಮರಳಿಗೆ ಎಸೆದೆ. ಕಲ್ಲು ತುಂಬಿ ಮುಗಿಯುವಷ್ಟರಲ್ಲಿ ಬಸ್ಸು ಬಂತು, ನಿಂತಿತು, ಕಂಡಕ್ಟರ್ ಸೀಟಿ ಊದಿದ, ಹೋಯಿತು. ನನ್ನ ಬಿ.ಎ. ಅದರ ಬೆನ್ನ ಮೇಲೆ ಕೂತು ಧೂಳೆಬ್ಬಿಸುತ್ತ ಹೋದ ಹಾಗೆ ಕಂಡಿತು. ಇತ್ತ ಹೆರಿಯಣ್ಣ "ಹಬೇಸ್!" ಎಂದ. ಕಲ್ಲಿನ ತೊಟ್ಟಿಲು ಕಿರುಗುಡುತ್ತ ಏರಿತು, ಕಂಬದ ನೆತ್ತಿಯ ಮಟ್ಟಕ್ಕೆ ಬಂತು. ಅವನು ಬಿರೇಕು ಒತ್ತಿದ. ಹಿಡಿಕೆಯವರು ಕೈ ಬಿಟ್ಟರು.

ಬಿರೇಕು ಹಿಡಿಯಲಿಲ್ಲ. ಹಿಡಿಕೆಗಳು ಗಾಣ ಹುಚ್ಚೆದ್ದ ಹಾಗೆ ಗಿರ್ರನೆ ತಿರುಗಿದವು. ತೊಟ್ಟಿಲು ಸೀದಾ ಬಂದು ಮರಳಿಗೆ ಅಪ್ಪಳಿಸಿತು. ಹಲಗೆ ಚೂರು ಚೂರು. ಒಂದು ಕಲ್ಲು ನಡುವೆ ಸೀಳಿ ಎರಡಾಗಿ, ನನ್ನ ಕಾಲ ಬಳಿ ಉರುಳಿ ಬಂದು ನಿಂತಿತು.

ಕಾದ ಉರುಳೆಯಿಂದ ಹೊಗೆ ಏಳುತ್ತಿತ್ತು, ಬಾಣಲೆಯಲ್ಲಿ ಬೈಗೆ ಮೀನು ಹುರಿದ ವಾಸನೆ. ಹೆರಿಯಣ್ಣ ಉರುಳೆಯ ಹತ್ತಿರ ಹೋಗಿ ಬಿರೇಕಿನ ಪಟ್ಟಿಗೆ ಬೆರಳು ಮುಟ್ಟಿಸಿ, ಮೂಸಿ ನೋಡಿದ. ಪ್ರೀತಿಯ ಭರದಲ್ಲಿ ಮೀನೆಣ್ಣೆಯನ್ನು ಅಲ್ಲಿಗೂ ಬಳಿದಿದ್ದ. ಮರಳಲ್ಲಿ ಕೂತುಬಿಟ್ಟ. "ನಾನೇ ಮಾರಾಯಾ. ನಾನೇ ಮಾಡಿದ್ದ್" ಎಂದ. ಯಾವ ಮಾತಿಗೂ ಸೋಲದವನು ನನ್ನ ಮುಖ ನೋಡಲಾರದೆ ಆ ಸೀಳಿದ ಕಲ್ಲನ್ನು ಸವರುತ್ತ ಕೂತಿದ್ದ. ನಾನೂ ಹೋಗಿ ಅವನ ಪಕ್ಕದಲ್ಲೇ ಕೂತೆ.

ನಮ್ಮಿಬ್ಬರನ್ನೂ ಎಬ್ಬಿಸಿದವಳು ಚಿಕ್ಕು. ಮೀನಿನ ಲಾರಿ ಬಂದಿತ್ತು. "ಕೂಕಂಡ್ ಎಂತ ಮಾಡ್ತ್ರಿ? ಬದ್ಕಿದ್ದ್ ಕೂತ್ಕಂಡ್ ಮರ್ಕುಕಾ? ಮಾಣಿ, ಹತ್ತ್ ಲಾರಿ. ಇವ್ರಿಗೆ ಮರ್ಕುಕೆ ನಾನ್ ಸಾಕ್." ಅಳುವುದನ್ನೂ ತಾನೇ ವಹಿಸಿಕೊಂಡು, ಡ್ರೈವರನಿಗೆ, "ಇವ ಬಿಯೆ ಮಾಣಿ, ಕಾಲೇಜ್ ಬಾಗಿಲಿಗೇ ಬಿಡ್ಕ್" ಎಂದು ಅಪ್ಪಣೆ ಮಾಡಿದಳು. ಹೆರಿಯಣ್ಣ ಎದ್ದು ನನ್ನ ಬೆನ್ನಿಗೆ ಕೈ ಹಾಕಿ ಮೀನುಬುಟ್ಟಿಗಳ ನಡುವೆ ಎತ್ತಿ ಕೂರಿಸಿದ. "ಕಂಬಕ್ಕೆ ನೀರ್ ನಾವ್ ಕಾಂತೊ. ನೀ ಹೋಯ್ ಬಾ" ಎಂದ.

ಪರೀಕ್ಷೆಯ ಕೋಣೆಯಲ್ಲಿ ನನ್ನ ಹಿಂದಿನವನು ಮೂರು ಗಂಟೆಯೂ ಕರವಸ್ತ್ರ ಮೂಗಿನಿಂದ ತೆಗೆಯಲಿಲ್ಲ. ಆ ಉತ್ತರಪತ್ರಿಕೆ ತಿದ್ದಿದವರು ಯಾರೋ ಗೊತ್ತಿಲ್ಲ. ಶುದ್ಧ ಸಸ್ಯಾಹಾರಿಯಾಗಿದ್ದರೆ ಆ ಪುಣ್ಯಾತ್ಮರಿಗೂ ನನ್ನ ನಮಸ್ಕಾರ, ಪಾಸು ಮಾಡಿದರು.

ಮರುದಿನ, ಹೆರಿಯಣ್ಣನನ್ನು ಕೆಲಸದಿಂದ ತೆಗೆದಿರುತ್ತಾರೆ ಎಂದುಕೊಂಡೇ ಹೋದೆ. ಎಂಜಿನಿಯರು ಕೇಳುವ ಮೊದಲೇ ಹೆರಿಯಣ್ಣ ತಾನು ಮಾಡಿದ್ದನ್ನು ಹೇಳಿದ್ದನಂತೆ. ಅವರು ಬಾಯಿಗೆ ಬಂದ ಹಾಗೆ ಬೈದು, ಆಮೇಲೆ ಸೀಳಿದ ಕಲ್ಲನ್ನು ಬಹಳ ಹೊತ್ತು ನೋಡಿ, ಅವನನ್ನು ಬಿರೇಕಿನಲ್ಲೇ ಉಳಿಸಿದರಂತೆ. ಪಟ್ಟಿಯನ್ನು ಹೊಸದು ಮಾಡಿದ್ದರು. ನೀರು ಹೇಗೆ ಹೊಯ್ದಿರಿ ಎಂದು ಕೇಳಿದೆ. ಪಕ್ಕದ ಕಂಬಕ್ಕೆ ಕಟ್ಟಿದ ಸಾರುವೆಯ ಮೇಲೆ ನಿಂತು, ದೋಣಿಯ ನೀರು ಮೊಗೆದು ಎಸೆಯುವ ಹಾಗೆ ಎರಚಿದರಂತೆ; ಅರ್ಧ ಕಂಬಕ್ಕೆ, ಅರ್ಧ ಎಂಜಿನಿಯರ ಟೊಪ್ಪಿಗೆ. ಅಂದಿನಿಂದ ಕಲ್ಲು ತುಂಬುವವರು ಶಾಪ ಹಾಕುವುದನ್ನು ನಿಲ್ಲಿಸಿದರು. ನಾನಂತೂ ನನ್ನ ಕೈಯಾರೆ ತುಂಬಿಸಿದೆ.

ಫಲಿತಾಂಶ ಬಂದ ದಿನ ಅಪ್ಪಯ್ಯ ಗದ್ದೆಯ ಅಂಚಿನಲ್ಲಿ ನಿಂತು ಸುಮ್ಮನೆ ತಲೆಯ ಮುಂಡಾಸು ಬಿಚ್ಚಿ ಮತ್ತೆ ಕಟ್ಟಿಕೊಂಡರು. ಹೆರಿಯಣ್ಣ ಮಾತ್ರ ಬೈಂದೂರಿನ ಸಂತೆಯಲ್ಲಿ ಕಂಡಕಂಡವರಿಗೆಲ್ಲ, "ಓದಿದ್ದ್ ಅವ. ಎತ್ತಿದ್ದ್ ನಾನ್" ಎನ್ನುತ್ತಿದ್ದ. ಸುಳ್ಳೇನೂ ಅಲ್ಲ. ಆಮೇಲೆ ಬ್ರಹ್ಮಾವರದ ಕಡೆ ಶಾಲೆಯಲ್ಲಿ ಕೆಲಸ ಸಿಕ್ಕಿ, ಬಿ.ಎ. ಎಂದು ಹೆಸರಿನ ಮುಂದೆ ಹೆಮ್ಮೆಯಿಂದ ಬರೆದುಕೊಂಡೆ, ಈಗಲೂ ಬರೆಯುತ್ತೇನೆ. ಸೀಳಿದ ಕಲ್ಲಿನ ಅರ್ಧ ನಮ್ಮ ಮನೆಯಲ್ಲಿದೆ. ಉಪ್ಪಲ್ಲಿ ಹಾಕಿದ ಮಾವಿನ ಮಿಡಿಯ ಮೇಲೆ ಭಾರಕ್ಕೆ ಇಡುತ್ತೇವೆ. ಅದು ನನ್ನ ಬದಲಿಗೆ ಬಿದ್ದ ಕಲ್ಲು.

ಅಷ್ಟರಲ್ಲಿ ಬಸ್ಸು ಬಂತು. ಮೀನಿನವರು ಹತ್ತಿ, "ಬನ್ನಿ ಮಾಷ್ಟ್ರೆ" ಎಂದರು. ಎದುರಿಗೆ ಆ ಯಂತ್ರದವನು ಈಗ ಕಟಾಂಜನದೊಳಗೆ ನಿಂತು, ಸೊಂಟದ ಪಟ್ಟಿಯ ಕೊಂಡಿ ಸಿಕ್ಕಿಸಿ, ಒಮ್ಮೆ ಜಗ್ಗಿ ನೋಡಿ, ಮೇಲಕ್ಕೆ ಹೋಗುತ್ತಿದ್ದ. ನಾನು ಕೈಯಾಡಿಸಿ ಬಸ್ಸನ್ನು ಕಳಿಸಿಬಿಟ್ಟೆ.

ಅವನು ಮೂರನೇ ಮಾಳಿಗೆಯ ಗೋಡೆಗೆ ಏನೋ ಬಿಗಿದು ಇಳಿಯುವವರೆಗೆ ಬಿಸಿಲಲ್ಲೇ ನಿಂತೆ. ಕೊಂಡಿ ಬಿಚ್ಚಿ ಹೊರಗೆ ಬಂದವನು ನನ್ನನ್ನು ಕಂಡು ಬೆವರು ಒರೆಸಿಕೊಳ್ಳುತ್ತ ನಕ್ಕ.

"ಎಂತ ಅಜ್ಜ, ನಿಮ್ಮ ಬಸ್ ಹೋಯ್ತಲ್ದಾ?"

"ಹೋಯ್ಲಿ ಮಗಾ" ಎಂದೆ. "ಇನ್ನೊಂದ್ ಬತ್ತ್."