ಮದುಮಗನ ಜಾಗದಲ್ಲಿ ನಿಂತ ಹುಂಜ

ಕಡಲಂಚಿನ ತಾಯ್ ಓ ಎಂಬ ಊರಿನ ಹೋಮುಯ್ ಮದುವೆಯಾದದ್ದು ಹುಂಜವನ್ನು. ಊರವರು ಇದನ್ನು ಅವಳ ಬೆನ್ನ ಹಿಂದೆ ಹೇಳುತ್ತಿರಲಿಲ್ಲ, ಎದುರಿಗೇ ಹೇಳಿ ನಗುತ್ತಿದ್ದರು. ಅವಳೂ ಜೊತೆಗೆ ನಗುತ್ತಿದ್ದಳು. ಲಗ್ನಕ್ಕೆ ಗೊತ್ತುಮಾಡಿದ್ದ ದಿನ ಮದುಮಗ ವಿಂಗ್‌ಫಾಟ್ ಕೆಲಸಕ್ಕಿದ್ದ ಸರಕಿನ ಹಡಗು ಬಿರುಗಾಳಿಗೆ ಹೆದರಿ ಯಾವುದೋ ದೂರದ ಬಂದರಿನಲ್ಲಿ ಕೂತುಬಿಟ್ಟಿತ್ತು. ಆ ದಿನ ತಪ್ಪಿದರೆ ಈ ಜೋಡಿಗೆ ಒಳ್ಳೆಯ ದಿನ ಸಿಗುವುದು ಇನ್ನು ಬರುವ ವರ್ಷವೇ ಎಂದು ಪಂಚಾಂಗದವನು ಕೈಚೆಲ್ಲಿಬಿಟ್ಟ. ಕಡಲನ್ನು ನಂಬಿದ ಜನಕ್ಕೆ ಇಂಥದ್ದು ಹೊಸದಲ್ಲ. ಅತ್ತೆ ಕ್ವಾಯ್ ಮಗನ ಬದಲಿಗೆ ನಿಲ್ಲಿಸಲು ಒಂದು ಕೆಂಪು ಹುಂಜ ತಂದಳು, ಅದರ ಕಾಲಿಗೆ ಕೆಂಪು ದಾರ ಕಟ್ಟಿದಳು, ತೀರಿಹೋದ ಹಿರಿಯರ ಹೆಸರು ಬರೆದ ಹಲಗೆಯ ಮುಂದೆ ಅದರ ಕುತ್ತಿಗೆ ಬಗ್ಗಿಸಿ ನಮಸ್ಕಾರ ಮಾಡಿಸಿದಳು. ಪಕ್ಕದಲ್ಲಿ ಹೋಮುಯ್ ತಾನೂ ತಲೆ ಬಗ್ಗಿಸಿದಳು. ಮದುಮಗ ಅವಳ ಹೊಸ ಚಪ್ಪಲಿಯ ಮೇಲೆ ಹಿಕ್ಕೆ ಹಾಕಿದ.

ಹಾಗೆ ನಿಂತ ಹುಂಜವನ್ನು ಕೊಯ್ಯುವಂತಿಲ್ಲ. ಗಂಡ ಕಡಲ ಮೇಲಿರುವಷ್ಟು ಕಾಲ ಅದು ಮನೆಯಲ್ಲಿ ಕ್ಷೇಮವಾಗಿರಬೇಕು. "ಇದಕ್ಕೇನಾದ್ರೂ ಆದ್ರೆ ಅಲ್ಲಿ ಅವನಿಗೆ..." ಎಂದು ಅತ್ತೆ ಅರ್ಧಕ್ಕೇ ಮಾತು ನಿಲ್ಲಿಸುತ್ತಿದ್ದಳು. ಉಳಿದರ್ಧವನ್ನು ಹೋಮುಯ್ ತಾನೇ ತುಂಬಿಕೊಂಡು ಹೆದರುತ್ತಿದ್ದಳು.

ವಿಂಗ್‌ಫಾಟ್ ಆಮೇಲೆ ಬಂದ, ಒಳ್ಳೆಯವನೇ ಆಗಿದ್ದ, ಮತ್ತೆ ಹೋದ. ಅವನ ಸಂಸಾರವೇ ಹಾಗೆ. ವರ್ಷಕ್ಕೊಮ್ಮೆ ಬಂದು ಒಂದು ತಿಂಗಳು ಉಂಡು, ಮಲಗಿ, ಮನೆಯ ಸೂರು ರಿಪೇರಿ ಮಾಡಿ ಹೊರಟುಬಿಡುತ್ತಿದ್ದ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಆ ಮನೆಯಲ್ಲಿ ಉಳಿದ ತಿಂಗಳುಗಳೆಲ್ಲ ಅತ್ತೆ, ಸೊಸೆ, ಹುಂಜ. ಹೋಮುಯ್ ಸಿಗಡಿಗೆ ಉಪ್ಪು ಬೆರೆಸಿ ರುಬ್ಬಿ, ಬಿದಿರಿನ ತಟ್ಟೆಗಳಲ್ಲಿ ಬಿಸಿಲಿಗೆ ಇಟ್ಟು, ಹುಂಜವನ್ನು ಕಾವಲಿಗೆ ಕೂರಿಸಿಕೊಂಡು ಹರಟುತ್ತಿದ್ದಳು. ಸಿಗಡಿಯ ಬೆಲೆ, ಅತ್ತೆಯ ಸಿಡುಕು, ಮಕ್ಕಳಾಗಲಿಲ್ಲವೆಂಬ ಸಂಕಟ ಎಲ್ಲವನ್ನೂ ಅದರ ಮುಂದೆ ಹೇಳಿಕೊಳ್ಳುತ್ತಿದ್ದಳು. ಅದು ಕತ್ತು ಓರೆ ಮಾಡಿ ಕೇಳುತ್ತಿತ್ತು. ಗಂಡನಾದವನು ಅಷ್ಟು ಗಮನವಿಟ್ಟು ಕೇಳುವುದನ್ನು ನಾನಂತೂ ಎಲ್ಲೂ ಕಂಡಿಲ್ಲ.

ಆ ಸಲ ಹೊಸವರ್ಷದ ಸಂಭ್ರಮ ಮುಗಿಯುತ್ತಿದ್ದಂತೆ ಸರಕಾರದ ಆಜ್ಞೆ ಬಂತು. ಹಕ್ಕಿ ಜ್ವರ ಮತ್ತೆ ಕಾಣಿಸಿಕೊಂಡಿದೆ, ಹಿಂದೆ ಅದು ಮನುಷ್ಯರನ್ನೂ ಕೊಂದಿದೆ. ಆದ್ದರಿಂದ ಮನೆಗಳಲ್ಲಿ ಕೋಳಿ, ಬಾತುಕೋಳಿ, ಪಾರಿವಾಳ ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ. ತಾವಾಗಿ ಒಪ್ಪಿಸಿದರೆ ಸರಿ, ಇಲ್ಲದಿದ್ದರೆ ಒಳಗೆ ಬಂದು ಹುಡುಕಿ ಒಯ್ಯುವ ಅಧಿಕಾರ ತಮಗಿದೆ ಎಂದು ರೇಡಿಯೋದಲ್ಲಿ ಒಬ್ಬಳು ಇಂಪಾದ ದನಿಯಲ್ಲಿ ಹೇಳಿದಳು.

ಹೋಮುಯ್‌ಗೆ ತಲೆ ಕೆಟ್ಟುಹೋಯಿತು. ಹೊಸವರ್ಷದಿಂದೀಚೆಗೆ ಗಂಡನ ಫೋನ್ ಬಂದಿರಲಿಲ್ಲ. ಹಡಗು ಎಲ್ಲಿದೆಯೋ ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ಹುಂಜವನ್ನು ಸಾಯಲು ಕಳಿಸುವುದು ಹೇಗೆ? ಹಾಗೆಂದು ಇಟ್ಟುಕೊಳ್ಳುವುದಾದರೂ ಹೇಗೆ? ಪಕ್ಕದ ಮನೆಯಲ್ಲಿ ಎಳೆಗೂಸಿದೆ, ನಡುವೆ ಇರುವುದು ಒಂದು ತಗಡಿನ ಗೋಡೆ. ಬೆಳಿಗ್ಗೆ ಹುಂಜ ಸೀನಿದಾಗ ಅವಳು ಹೆದರಿ ಹೊರಗೆ ಓಡಿದಳು. ಆಮೇಲೆ ನಾಚಿಕೆಯಾಗಿ ಒಳಗೆ ಬಂದು ಅದರ ಕ್ಷಮೆ ಕೇಳಿದಳು. ಕೇಳಿದ ಮೇಲೆ ಸೋಪು ಹಚ್ಚಿ ಕೈ ತೊಳೆದಳು.

ಪಟ್ಟಣದಿಂದ ಬಂದ ಅಧಿಕಾರಿ ಯಿಪ್ ಇನ್ನೂ ಮೀಸೆ ಮೂಡದ ವಯಸ್ಸಿನವನಂತಿದ್ದ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಲಗೆ ಸೇತುವೆಯ ಮೇಲೆ ಜಾರುತ್ತಾ ಬಂದು ಬಾಗಿಲಲ್ಲಿ ನಿಂತ.

"ಅಕ್ಕಾ, ಈ ಹುಂಜ ನೀವು ಸಾಕಿದ್ದಾ?"

"ಸಾಕಿದ್ದಲ್ಲಪ್ಪ, ಮದುವೆ ಆಗಿದ್ದು."

ಅವನು ಬರೆಯಲು ಎತ್ತಿದ ಪೆನ್ನು ಅಲ್ಲೇ ನಿಂತಿತು. ಹೋಮುಯ್ ಕಥೆಯನ್ನೆಲ್ಲ ಹೇಳಿದಳು. ಅವನು ಪಾಪ, ನಗಲಿಲ್ಲ.

"ಮದುವೆಯಾದ ಕೋಳಿಗೆ ಬೇರೆ ಕಾನೂನಿಲ್ಲ ಅಕ್ಕಾ."

"ಮತ್ತೆ ಚಹಾ ಅಂಗಡಿ ಮುದುಕನ ಪಂಜರದಲ್ಲಿ ಹಕ್ಕಿ ಇದೆಯಲ್ಲ?"

"ಅದು ಹಾಡೋ ಹಕ್ಕಿ. ಇರಬಹುದು."

"ಇದೂ ಹಾಡುತ್ತೆ. ಬೆಳಗಿನ ಜಾವ ಬಂದು ಕೇಳು. ಹೋಗಲಿ, ಮಾರ್ಕೆಟ್ಟಲ್ಲಿ ಜೀವಂತ ಕೋಳಿ ಮಾರ್ತಾರಲ್ಲ, ಅದು?"

"ಅವಕ್ಕೆ ಪರೀಕ್ಷೆ ಆಗಿರುತ್ತೆ."

"ಕೊಯ್ಯೋಕಂತ ಇಟ್ಕೊಂಡ ಕೋಳಿ ಇರಬಹುದು, ಕೊಯ್ಯೋದೇ ಇಲ್ಲ ಅಂತ ಇಟ್ಕೊಂಡಿದ್ದು ಇರಬಾರ್ದು. ಇದು ಯಾವ ಸೀಮೆ ನ್ಯಾಯನಪ್ಪ?"

ಯಿಪ್ ಬಟ್ಟೆಯ ಹಿಂದೆ ನಿಟ್ಟುಸಿರು ಬಿಟ್ಟ. "ನನಗೂ ಪೂರ್ತಿ ಅರ್ಥ ಆಗಿಲ್ಲ ಅಕ್ಕಾ. ನಮ್ಮಜ್ಜಿ ಬಾತುಕೋಳೀನೂ ನಾನೇ ಹಿಡ್ಕೊಟ್ಟೆ. ಇವತ್ತಿಗೂ ನನ್ನ ಹತ್ರ ಮಾತಾಡಲ್ಲ. ಆಚೆ ದಡದ ಮನೆಗಳು ಮುಗಿಸ್ಕೊಂಡು ಮಧ್ಯಾಹ್ನ ಬರ್ತೀನಿ. ಅಷ್ಟರಲ್ಲಿ ಮನಸ್ಸು ಗಟ್ಟಿ ಮಾಡ್ಕೊಳ್ಳಿ."

ಗಟ್ಟಿ ಮಾಡಿಕೊಳ್ಳಲು ಮನಸ್ಸು ಮೊದಲು ಒಂದು ಕಡೆ ನಿಲ್ಲಬೇಕಲ್ಲ. ಹೋಮುಯ್ ಕಡಲಮ್ಮನ ಗುಡಿಗೆ ಓಡಿ, ಊದುಬತ್ತಿ ಹಚ್ಚಿ, ಹುಂಜವನ್ನು ಕೊಡಲೇ ಎಂದು ಕೇಳಿ ಮರದ ಎರಡು ಹೋಳುಗಳನ್ನು ನೆಲಕ್ಕೆ ಚೆಲ್ಲಿದಳು. ಒಂದು ಅಂಗಾತ, ಒಂದು ಬೋರಲು ಬಿದ್ದಿದ್ದರೆ ಹೂಂ ಎಂದರ್ಥ. ಎರಡೂ ಬೋರಲಾದರೆ ಊಹೂಂ. ಅವಳಿಗೆ ಎರಡೂ ಅಂಗಾತ ಬಿದ್ದವು. ಹಾಗೆ ಬಿದ್ದರೆ ಉತ್ತರ ಕೊಡದೆ ದೇವಿ ನಕ್ಕಳು ಎನ್ನುತ್ತಾರೆ. ಇನ್ನೊಮ್ಮೆ ಚೆಲ್ಲಿದಳು. ದೇವಿ ಇನ್ನೊಮ್ಮೆ ನಕ್ಕಳು.

ಮನೆಗೆ ಬಂದರೆ ಅತ್ತೆ ಕ್ವಾಯ್ ನೆಮ್ಮದಿಯಾಗಿ ಮೀನಿನ ಪೊರೆ ಹೆರೆಯುತ್ತಿದ್ದಳು. ಅದನ್ನು ಕಂಡು ಹೋಮುಯ್‌ಗೆ ಮೈಯೆಲ್ಲ ಉರಿಯಿತು.

"ನಿಮ್ಮ ಮಗನ ಜೀವ ಅತ್ತೆ! ನಾಳೆ ಏನಾದ್ರೂ ಆದ್ರೆ ನನ್ನ ಮೇಲೆ ಹಾಕ್ಬೇಡಿ."

ಅತ್ತೆ ಚಾಕು ಕೆಳಗಿಟ್ಟಳು. "ಕೊಟ್ಟು ಕಳಿಸೇ. ನಿನ್ನ ಮದುವೇಲಿ ನಿಂತಿದ್ದು ಯಾವತ್ತೋ ಸತ್ತೋಯ್ತು."

"ಏನಂದ್ರಿ?"

"ಇದು ಮೂರನೇದು. ಮೊದಲನೇದು ನೀನು ತಮ್ಮನ ಮದುವೆಗೆ ತೌರಿಗೆ ಹೋದಾಗ ನೀರಿಗೆ ಬಿದ್ದು ಸತ್ತಿತು. ದಾರ ಬಿಚ್ಚಿ ಇನ್ನೊಂದಕ್ಕೆ ಕಟ್ಟಿದೆ. ಬಂದವಳೇ ನೀನು, ಪುಕ್ಕ ಏನು ಹೊಳೀತಿದೆ ಅತ್ತೆ ಅಂದೆ. ಹಳೇದು ಉದುರಿ ಹೊಸದು ಬಂದಿದೆ ಅಂತ ನಾನಂದೆ. ಎರಡನೇದು ಸತ್ತಾಗಲೂ ಹೀಗೇ ದಾರ ಬದಲಾಯಿಸಿದೆ."

"ಮೊದಲನೇದು ಸತ್ತಾಗ ನಿಮ್ಮ ಮಗನಿಗೆ ಏನೂ ಆಗ್ಲಿಲ್ವಾ?"

"ನಾನೂ ಉಸಿರು ಬಿಗಿಹಿಡಿದು ಕಾದೆ ಕಣೇ. ಆ ತಿಂಗಳು ಅವನಿಗೆ ಬಡ್ತಿ ಆಯ್ತು."

ಹೋಮುಯ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಹುಂಜಕ್ಕೆ ನೆಗಡಿಯಾದರೂ ಅವಳು ನಿದ್ದೆಗೆಟ್ಟಿದ್ದಳು.

"ಯಾಕೆ ಹೇಳ್ಲಿಲ್ಲ ಅತ್ತೆ?"

ಮುದುಕಿ ಮತ್ತೆ ಮೀನು ಕೈಗೆತ್ತಿಕೊಂಡಳು. "ನೀನು ಅದರ ಹತ್ರ ಮಾತಾಡ್ತಿದ್ದೆ. ಹೇಳಿದ್ರೆ ಆಮೇಲೆ ಯಾರ ಹತ್ರ ಮಾತಾಡ್ತಿದ್ದೆ?"

ಮಧ್ಯಾಹ್ನ ಯಿಪ್ ಬಂದಾಗ ಹೋಮುಯ್ ಹುಂಜವನ್ನು ಎದೆಗವಚಿಕೊಂಡು ತಾನೇ ಬಾಗಿಲಿಗೆ ಬಂದಳು. ಗಂಡನ ಜೀವದ ಭಯ ಇನ್ನಿಲ್ಲ, ಈಗ ಹಗುರಾಗಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಹಗುರಾಗಲಿಲ್ಲ. ಯಿಪ್ ಹಿಡಿದ ಪೆಟ್ಟಿಗೆಯೊಳಗೆ ಅದನ್ನು ಇಳಿಸಿದಳು. ಹುಂಜ ಕತ್ತು ಓರೆ ಮಾಡಿ, ಇನ್ನೇನೋ ಹೇಳುವುದಿದೆ ಎಂಬಂತೆ ಅವಳನ್ನೇ ನೋಡಿತು. ಅವಳು ಗೊಳೋ ಎಂದು ಅತ್ತುಬಿಟ್ಟಳು.

"ನಿಮ್ಮ ಯಜಮಾನರಿಗೆ ಏನೂ ಆಗಲ್ಲ ಅಕ್ಕಾ," ಎಂದ ಯಿಪ್ ಗಾಬರಿಯಿಂದ.

"ಅವನಿಗಾಗಿ ಅಲ್ಲಪ್ಪ. ಅದರ ಕುತ್ತಿಗೆ ಬಗ್ಗಿಸ್ಬೇಡ. ಅದಕ್ಕೆ ಆಗಲ್ಲ."

ಕೆಲವು ದಿನಗಳ ನಂತರ ಯಾವುದೋ ಬಂದರಿನಿಂದ ವಿಂಗ್‌ಫಾಟ್ ಫೋನ್ ಮಾಡಿದ. ಹಡಗಿನ ಯಂತ್ರ ಕೆಟ್ಟಿತ್ತಂತೆ. ಅವನು ಕ್ಷೇಮವಾಗಿದ್ದ, ಒಂದಿಷ್ಟು ದಪ್ಪಗೂ ಆಗಿದ್ದನಂತೆ. ಅವಳ ಹಿಂದಿನಿಂದ ಬರಬೇಕಾದ ಹುಂಜದ ಕೂಗು ಬರದಿದ್ದುದನ್ನು ಗಮನಿಸಿ ಎಂದಿನಂತೆ ಚೇಷ್ಟೆ ಮಾಡಿದ.

"ಏನೇ, ನಿನ್ನ ದೊಡ್ಡ ಗಂಡ ಇವತ್ತು ಸುಮ್ನಿದಾನೆ?"

"ಹೋದ. ಸರಕಾರದವರು ಕರ್ಕೊಂಡು ಹೋದ್ರು."

"ಅಯ್ಯೋ! ಹಾಗಾದ್ರೆ ನೀನೀಗ ವಿಧವೆ," ಎಂದು ಗಹಗಹಿಸಿದ.

ಪ್ರತಿಸಲ ಅವನು ನಕ್ಕರೆ ಅವಳೂ ನಗುತ್ತಿದ್ದಳು. ಹುಷಾರಾಗಿರು, ಉಪ್ಪುಮೀನು ಕಳಿಸಲಾ ಎಂದು ಕೇಳಿ ಫೋನ್ ಇಡುತ್ತಿದ್ದಳು. ಬಾ ಎಂದು ಮಾತ್ರ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅಂದಿರಲಿಲ್ಲ.

"ನೀನು ಬಾ," ಎಂದಳು ಹೋಮುಯ್.

"ಈಗೆಲ್ಲಿ ಬರೋದು? ಒಪ್ಪಂದ ಇನ್ನೂ ಮುಗಿದಿಲ್ಲ."

"ಇಷ್ಟು ದಿನ ನಿನ್ನ ಜಾಗದಲ್ಲಿ ಒಬ್ಬ ಇದ್ದ," ಎಂದಳು. "ಈಗ ಯಾರೂ ಇಲ್ಲ. ನೀನೇ ಬರ್ಬೇಕು."

ಆ ಕಡೆ ನಗು ನಿಂತಿತು. ಅವನು ಏನು ಹೇಳುತ್ತಾನೋ ಎಂದು ಹೋಮುಯ್ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು.